ಬಯಲುಸೀಮೆಯ ಮಡಿ, ಮಲೆನಾಡಿನ ಮಳೆ: ಒಂದು ಹಿತ್ತಲಿನ ಪ್ರಕರಣ

ಇದು ಮೂಡಿಗೆರೆ ಸೀಮೆಯ ಒಂದು ಹಿತ್ತಲಿನಲ್ಲಿ ಎರಡು ಮಳೆಗಾಲದಲ್ಲಿ ನಡೆದದ್ದು. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ಶಾಲೆ, ಹೆಸರು ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಮನೆಯಾಕೆ ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಾರೆ. ಊರವರೆಲ್ಲ ಕರೆಯುವ ಹಾಗೆ ಇಲ್ಲಿಯೂ ಅವರನ್ನು ಟೀಚರ್ ಎಂದೇ ಕರೆಯುತ್ತೇನೆ.

ಹಿತ್ತಲಲ್ಲಿ ತರಕಾರಿ ಹಾಕಿ ಕೈ ಸುಟ್ಟುಕೊಂಡವರು ಮಲೆನಾಡಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೂ ಈ ಪ್ರಕರಣವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಟೀಚರ್ ಹೊಸಬರಲ್ಲ. ಚಿಕ್ಕಂದಿನಿಂದ ಮಣ್ಣಲ್ಲಿ ಕೈಯಾಡಿಸಿದವರು. ಅವರು ಮಾಡಿದ ಒಂದೊಂದು ಕೆಲಸವೂ ಅವರ ಊರಲ್ಲಿ ಸರಿಯಾದದ್ದೇ. ಅದೇ ಕೆಲಸ ಇಲ್ಲಿ ಯಾಕೆ ಕೈಕೊಟ್ಟಿತು ಎಂದು ನೋಡಿದರೆ ಮಳೆಸೀಮೆಯ ತರಕಾರಿ ಏನು ಕೇಳುತ್ತದೆ ಎಂಬುದು ಚೆನ್ನಾಗಿ ತಿಳಿಯುತ್ತದೆ.

ಎಲ್ಲಿಂದ ಎಲ್ಲಿಗೆ

ಟೀಚರ್ ವಿಜಯಪುರ ಜಿಲ್ಲೆಯವರು. ಒಕ್ಕಲುತನದ ಮನೆ. ಒಂದು ಮೇ ತಿಂಗಳಲ್ಲಿ ಘಟ್ಟದ ಅಂಚಿನ ಈ ಊರಿಗೆ ವರ್ಗವಾಗಿ ಬಂದರು. ಜೊತೆಗೆ ಅತ್ತೆ ಮತ್ತು ಪಿಯುಸಿ ಓದುವ ಮಗ. ಯಜಮಾನರು ಹೊಲ ನೋಡಿಕೊಂಡು ಊರಲ್ಲೇ ಉಳಿದರು. ಬಾಡಿಗೆ ಮನೆಯ ಹಿಂದೆ ಒಂದು ಗುಂಟೆಗಿಂತ ಸ್ವಲ್ಪ ಜಾಸ್ತಿ ಜಾಗ ಇತ್ತು. ಪೂರ್ವಕ್ಕೆ ಇಳಿಜಾರು, ಮೇಲುಗಡೆ ಕಾಫಿ ತೋಟ, ಪಶ್ಚಿಮಕ್ಕೆ ಒಂದು ದೊಡ್ಡ ಹಲಸಿನ ಮರ.

ವಿಜಯಪುರದ ಕಡೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ. ಮೂಡಿಗೆರೆ ಸೀಮೆಯಲ್ಲಿ ಅದು 2000 ದಾಟುತ್ತದೆ, ಘಟ್ಟದ ಅಂಚಿಗೆ ಹೋದಷ್ಟೂ ಏರುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಜುಲೈನಲ್ಲಿ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಒಣಹಾಕಿದ ಬಟ್ಟೆಯ ಮೇಲೂ ಬೂಸ್ಟು ಬರುತ್ತದೆ. ಇನ್ನು ಎಲೆ ಒಣಗುವುದು ಎಲ್ಲಿ?

ಮಣ್ಣೂ ಬೇರೆ. ಅಲ್ಲಿಯ ಎರೆಮಣ್ಣು ಕ್ಷಾರದ ಕಡೆಯದು. ಇಲ್ಲಿಯ ಕೆಂಪು ಮಣ್ಣು ಹುಳಿ. ಮಳೆನೀರು ವರ್ಷ ವರ್ಷ ಸುಣ್ಣದ ಅಂಶವನ್ನೂ ಮೆಗ್ನೀಸಿಯಮ್ಮನ್ನೂ ತೊಳೆದುಕೊಂಡು ಹೋಗಿರುತ್ತದೆ. ಮಣ್ಣಿಗೆ ಸುಣ್ಣ ಹಾಕಬೇಕು ಎಂಬ ಮಾತನ್ನೇ ಟೀಚರ್ ಅಲ್ಲಿಯವರೆಗೆ ಕೇಳಿರಲಿಲ್ಲ. ಅವರ ಊರಲ್ಲಿ ಅದರ ಅಗತ್ಯವೇ ಇಲ್ಲ.

ಮೊದಲ ಮಳೆಗಾಲ

ಬಂದ ಹದಿನೈದು ದಿನದಲ್ಲೇ ಮಡಿ ಸಿದ್ಧವಾದವು. ಊರಲ್ಲಿ ಮಾಡುವ ಹಾಗೆ, ಒಳಗಿನ ಮಣ್ಣನ್ನು ಅಂಚಿಗೆ ಎಳೆದು ಸುತ್ತ ಬದು ಕಟ್ಟಿದ ತಗ್ಗು ಮಡಿ. ನೀರು ಬಿಟ್ಟರೆ ಒಂದು ಹನಿಯೂ ಹೊರಗೆ ಹೋಗಬಾರದು ಎಂಬುದು ಅದರ ಲೆಕ್ಕ. ಮೇ ಕೊನೆಗೆ ರೋಹಿಣಿ ಮಳೆ ಬಿದ್ದ ಕೂಡಲೇ ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿ ಬೀಜ ಚೆಲ್ಲಿದರು. ಟೊಮೆಟೊ, ಬದನೆ, ಮೆಣಸಿನಕಾಯಿಗೆ ಸಸಿಮಡಿ ಮಾಡಿದರು. ಎಲ್ಲವೂ ಚೆನ್ನಾಗಿ ಮೊಳೆತವು. ಮೃಗಶಿರಾ ಮುಗಿಯುವವರೆಗೂ ಹಿತ್ತಲು ನೋಡಲು ಚೆಂದವಿತ್ತು.

ಬೇಲಿಯಾಚೆಯ ಮನೆಯಲ್ಲಿ ವಯಸ್ಸಾದ ಒಬ್ಬ ಅಮ್ಮ ಇದ್ದಾರೆ. ಅವರು ಆಗಲೇ ಹೇಳಿದ್ದರು: "ಟೀಚರೇ, ಆರಿದ್ರಾ ಹಿಡಿದ ಮೇಲೆ ಇದ್ಯಾವುದೂ ನಿಲ್ಲೋದಿಲ್ಲ. ಮಣ್ಣು ಏರಿಸಿ, ನೀರು ಬಸಿದು ಹೋಗೋ ಹಾಗೆ ಮಾಡಿ." ಟೀಚರ್ ಕೇಳಿಸಿಕೊಂಡರು, ಆದರೆ ಮಡಿ ಬದಲಿಸಲಿಲ್ಲ. ಯಾಕೆ ಎಂದು ಆಮೇಲೆ ಕೇಳಿದೆ. "ನಮ್ಮ ಕಡೆನೂ ಜೋರ ಮಳಿ ಆಗತಾವ್ರಿ. ಮಡಿ ತುಂಬತಾವ, ಮರುದಿನ ಇಂಗತಾವ. ಇಲ್ಲೂ ಹಂಗ ಅಂತ ತಿಳದೆ" ಎಂದರು. ನ್ಯಾಯವಾದ ಮಾತೇ. ಒಂದು ದಿನ ಜೋರಾಗಿ ಬಿದ್ದು ನಿಲ್ಲುವ ಮಳೆ ಬೇರೆ. ನೆಲ ತುಂಬಿಕೊಂಡ ಮೇಲೂ ಬಿಡದೆ ಬೀಳುವ ಮಳೆ ಬೇರೆ. ನೀರು ಹೋಗಲು ಕೆಳಗೆ ಜಾಗವೇ ಇರುವುದಿಲ್ಲ.

ಜೂನ್ ಕೊನೆಗೆ ಹಿಡಿದ ಆರಿದ್ರಾದಲ್ಲಿ ಮಡಿಗಳು ನಿಂತ ನೀರಿನ ಗುಂಡಿಗಳಾದವು. ಮೆಂತ್ಯ ಮತ್ತು ಕೊತ್ತಂಬರಿ ಬುಡದಲ್ಲಿ ಕೊಳೆತು ಮಲಗಿದವು. ಟೀಚರ್ ಒಂದು ಕಡೆ ಬದು ಒಡೆದು ನೀರು ಬಿಟ್ಟರು. ಇಳಿಜಾರು ಜಾಗ, ನೀರಿನ ಜೊತೆ ಮೇಲ್ಮಣ್ಣೂ ಗೊಬ್ಬರವೂ ಹೋಯಿತು. ಉಳಿದ ಗಿಡಗಳ ಎಲೆ ಹಳದಿಯಾಯಿತು. ಯೂರಿಯಾ ಕೊಟ್ಟರು. ಒಂದು ವಾರ ಹಸಿರಾಗಿ ಮತ್ತೆ ಹಳದಿ. ಬೇರಿಗೆ ಉಸಿರಾಡಲು ಗಾಳಿ ಇಲ್ಲದೆ ಬಂದ ಹಳದಿ ಅದು. ಕೊಟ್ಟ ಸಾರಜನಕವನ್ನು ಮಳೆ ತೊಳೆದುಕೊಂಡು ಹೋಯಿತು, ಉಳಿದದ್ದು ಗಿಡವನ್ನು ಮೆತ್ತಗೆ ಮಾಡಿತು. ಮೆತ್ತಗಿನ ಎಲೆ ಎಂದರೆ ರೋಗಕ್ಕೆ ಬಾಗಿಲು ತೆಗೆದ ಹಾಗೆ.

ಜುಲೈ ಕೊನೆಗೆ, ಪುಷ್ಯ ಮಳೆಯ ಹೊತ್ತಿಗೆ ಟೊಮೆಟೊಗೆ ಅಂಗಮಾರಿ ಬಂತು. ಮೊದಲು ಎಲೆಯ ತುದಿಯಲ್ಲಿ ನೀರು ಹಿಡಿದಂಥ ಕಪ್ಪು ಮಚ್ಚೆ. ಬೆಳಿಗ್ಗೆ ಎಲೆ ಮಗುಚಿ ನೋಡಿದರೆ ಕೆಳಗೆ ತೆಳ್ಳಗೆ ಬಿಳಿ ಬೂಸ್ಟು. ಆಮೇಲೆ ಕಾಂಡ, ಆಮೇಲೆ ಕಾಯಿ. ಒಂದು ವಾರದಲ್ಲಿ ಸಾಲೇ ಸುಟ್ಟಂತಾಯಿತು. 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆ ಹೊಲಗಳನ್ನು ಮುಗಿಸಿ ದೊಡ್ಡ ಕ್ಷಾಮಕ್ಕೆ ಕಾರಣವಾದದ್ದೂ ಇದೇ ರೋಗ. ಅದೂ ತಂಪು ಮತ್ತು ಮಳೆಯ ನಾಡೇ. ನಮ್ಮ ಅಡಿಕೆಯ ಕೊಳೆರೋಗದ ರೋಗಾಣು ಇದರ ಹತ್ತಿರದ ಸಂಬಂಧಿ. ತಂಪು ಹವೆ, ಗಂಟೆಗಟ್ಟಲೆ ಒದ್ದೆಯಾಗಿಯೇ ಇರುವ ಎಲೆ, ಇಷ್ಟು ಸಿಕ್ಕರೆ ಇದಕ್ಕೆ ಸಾಕು.

ಟೀಚರ್ ಬೇವಿನೆಣ್ಣೆ ಹೊಡೆದರು. ಬೇವು ಕೀಟಕ್ಕೆ ಸರಿ, ಇಂಥ ರೋಗಕ್ಕಲ್ಲ. ಆಮೇಲೆ ಅಂಗಡಿಯಿಂದ ಒಂದು ಪುಡಿ ತಂದು, ಮಳೆ ಬಿಡುವು ಕೊಟ್ಟಾಗ ಸಿಂಪಡಿಸಿದರು. ಅರ್ಧ ಗಂಟೆಯಲ್ಲಿ ಮಳೆ ಬಂದು ತೊಳೆಯಿತು. ಮತ್ತೆ ಸಿಂಪಡಿಸಿದರು. ಎಲೆಯ ಮೇಲೆ ಒಣಗಿ ಅಂಟಿಕೊಳ್ಳಲು ಸಮಯ ಸಿಗದ ಔಷಧಿ, ರೋಗ ಒಳಹೊಕ್ಕ ಮೇಲೆ ಹೊಡೆದ ಔಷಧಿ, ಎರಡೂ ದುಡ್ಡು ದಂಡ.

ನೀರು ಕೊಟ್ಟರೂ ಬಾಡುವ ಗಿಡ

ಬದನೆ ಮಾತ್ರ ಹೇಗೋ ಬದುಕಿತ್ತು. ಸೆಪ್ಟೆಂಬರ್ ಮಧ್ಯದ ಉತ್ತರಾ ಮಳೆಯ ಹೊತ್ತಿಗೆ ಬಿಸಿಲು ಬಂತು, ಹೂ ಬಿಟ್ಟವು. ಟೀಚರಿಗೆ ಜೀವ ಬಂದ ಹಾಗಾಯಿತು. ನಾಲ್ಕೇ ದಿನ. ಒಂದು ಮಧ್ಯಾಹ್ನ ಎರಡು ಗಿಡ ತಲೆ ಬಾಗಿಸಿದವು. ಸಂಜೆ ಸ್ವಲ್ಪ ಚೇತರಿಸಿಕೊಂಡವು, ಮರುದಿನ ಇನ್ನೂ ನಾಲ್ಕು ಬಾಡಿದವು. ಎಲೆ ಹಳದಿಯಾಗಿರಲಿಲ್ಲ, ಹಸಿರಾಗಿಯೇ ಜೋತುಬಿದ್ದಿದ್ದವು.

ಬಿಸಿಲಿಗೆ ಬಾಡಿದೆ ಎಂದುಕೊಂಡು ನೀರು ಕೊಟ್ಟರು. ಬಯಲುಸೀಮೆಯಲ್ಲಿ ಬೆಳೆದ ಯಾರೇ ಆದರೂ ಮೊದಲು ಮಾಡುವುದು ಅದನ್ನೇ. ನೀರು ಜಾಸ್ತಿ ಮಾಡಿದಷ್ಟೂ ಬಾಡುವ ಗಿಡಗಳೂ ಜಾಸ್ತಿಯಾದವು. ಆಗ ಅವರು ನನ್ನನ್ನು ಕರೆದರು. ನಾನು ತೋಟಗಾರಿಕೆ ಓದಿದವನು, ಈ ಸುತ್ತಿನ ಮನೆತೋಟಗಳಿಗೆ ಹೋಗಿ ಬರುತ್ತಿರುತ್ತೇನೆ.

"ಹಿಂಗ್ಯಾಕ ಆತ್ರಿ? ನೀರ ಬಿಟ್ಟರೂ ಬಾಡತಾವಲ್ಲರಿ" ಎಂದು ಕೇಳಿದರು.

ಗಾಜಿನ ಲೋಟದಲ್ಲಿ ತಿಳಿ ನೀರು ತರಲು ಹೇಳಿದೆ. ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಚೂಪಾದ ಚಾಕುವಿನಿಂದ ಕೊಯ್ದು, ತುಂಡಿನ ತುದಿ ನೀರಿಗೆ ತಾಗುವಂತೆ ಹಿಡಿದೆವು. ಕೆಲವು ನಿಮಿಷದಲ್ಲಿ ಕೊಯ್ದ ಬಾಯಿಂದ ಹಾಲಿನಂಥ ಬಿಳಿ ಎಳೆ ಕೆಳಗೆ ಇಳಿಯತೊಡಗಿತು. ಇದು ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗ. ನೀರು ಸಾಗಿಸುವ ನಾಳಗಳೊಳಗೆ ದುಂಡಾಣು ತುಂಬಿಕೊಂಡು ದಾರಿ ಕಟ್ಟುತ್ತದೆ. ಮಣ್ಣಲ್ಲಿ ನೀರಿದ್ದರೂ ಗಿಡಕ್ಕೆ ಏರುವುದಿಲ್ಲ. ಹುಳಿ ಮಣ್ಣು, ಜಾಸ್ತಿ ತೇವ ಎರಡೂ ಅದಕ್ಕೆ ಅನುಕೂಲ. ಮಡಿಗೆ ಹಾಯಿಸುವ ನೀರು ಅದನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಹೊತ್ತೊಯ್ಯುತ್ತದೆ.

ಈ ಲೋಟದ ಪರೀಕ್ಷೆಗೆ ಖರ್ಚಿಲ್ಲ, ಲ್ಯಾಬ್ ಬೇಡ. ಬಾಡಿದ ಬದನೆ, ಟೊಮೆಟೊ, ಮೆಣಸಿನ ಗಿಡ ಕಂಡ ಪ್ರತಿಯೊಬ್ಬರೂ ನೀರಿನ ಪೈಪು ಹಿಡಿಯುವ ಮೊದಲು ಇದನ್ನು ಮಾಡಬೇಕು. ಬಿಳಿ ಎಳೆ ಇಳಿದರೆ ಆ ಗಿಡಕ್ಕೆ ಔಷಧಿ ಇಲ್ಲ. ಬೇರು ಸಮೇತ ಕಿತ್ತು ಸುಡಬೇಕು, ಗೊಬ್ಬರದ ಗುಂಡಿಗೆ ಹಾಕಬಾರದು. ಗುದ್ದಲಿ ತೊಳೆಯಬೇಕು. ಆ ಮಣ್ಣಿನಲ್ಲಿ ಟೊಮೆಟೊ, ಮೆಣಸಿನಕಾಯಿಯೂ ಸೇರಿ ಬದನೆ ಜಾತಿಯ ಯಾವುದನ್ನೂ ಕೆಲವು ವರ್ಷ ನೆಡಬಾರದು.

ಮುಂದೇನು ಎಂಬ ಮಾತು

ಆ ದಿನ ಸಂಜೆ ಚಹಾ ಕುಡಿಯುತ್ತ ಒಂದು ಗಂಟೆ ಮಾತಾಡಿದೆವು. ಅತ್ತೆಯವರದು ಒಂದೇ ಮಾತು: ಸಂತೆಯಲ್ಲಿ ತಂದರೆ ಆಯಿತು, ಈ ಗೋಳು ಬೇಡ. ಮಗ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸ್ ವೀಡಿಯೊ ನೋಡಿ ಬಂದಿದ್ದ. ಬಾಡಿಗೆ ಮನೆಗೆ, ಒಂದು ಗುಂಟೆಗೆ, ಅಷ್ಟು ಖರ್ಚು ನನಗೆ ಸರಿಕಾಣಲಿಲ್ಲ. ಮೇಲಾಗಿ ಮಣ್ಣಲ್ಲಿ ಕೂತ ಸೊರಗು ರೋಗಕ್ಕೆ ಮೇಲಿನ ಹೊದಿಕೆ ಏನೂ ಮಾಡಲಾರದು. ಟೀಚರಿಗೆ ಮೇಲ್ಮಣ್ಣು ತೆಗೆದು ಹೊಸ ಮಣ್ಣು ಹಾಕಿಸುವ ಯೋಚನೆ ಇತ್ತು. ಅದನ್ನೂ ಬೇಡವೆಂದೆ. ಮೇಲಿನ ತೋಟದಿಂದ ಹರಿಯುವ ನೀರು ನಿಲ್ಲದೆ ಹೊಸ ಮಣ್ಣು ಹಾಕಿದರೆ ಅದೂ ಮುಂದಿನ ಆರಿದ್ರಾದಲ್ಲಿ ಹೋಗುತ್ತದೆ.

ಕೊನೆಗೆ ಉಳಿದದ್ದು ಟೀಚರ್ ತಾವೇ ಹೇಳಿದ ಮಾತು. "ನಮ್ಮ ಊರಾಗ ನೀರ ನಿಲ್ಲಸೂದ ಕೆಲಸ. ಇಲ್ಲಿ ನೀರ ಕಳಸೂದ ಕೆಲಸ. ಅಷ್ಟ ಅಲ್ರಿ?" ನನ್ನ ಪ್ರಕಾರ ಈ ಇಡೀ ಪ್ರಕರಣದ ತಿರುವು ಅಲ್ಲಿದೆ. ನೀರಿನ ದಾರಿ ನೋಡುವ ಕಣ್ಣು ಅವರಿಗೆ ಮೊದಲೇ ಇತ್ತು. ಅದನ್ನು ತಿರುಗಿಸಿ ಹಿಡಿಯುವುದಷ್ಟೇ ಬಾಕಿ ಇತ್ತು. ಅಲ್ಲಿಂದ ಮುಂದೆ ನಾನು ಹೇಳಿಕೊಟ್ಟದ್ದು ಕಡಿಮೆ, ಅವರೇ ಲೆಕ್ಕ ಹಾಕಿ ಮಾಡಿದ್ದು ಜಾಸ್ತಿ.

ಮೊದಲು ಹಿತ್ತಲಿನ ಮೇಲುಗಡೆ, ತೋಟದ ಅಂಚಿಗೆ ಅಡ್ಡಲಾಗಿ ಒಂದು ಬಸಿಗಾಲುವೆ ತೆಗೆಸಿದರು. ತೋಟದ ನೀರು ಹಿತ್ತಲಿಗೆ ನುಗ್ಗದೆ ಬದಿಯಿಂದ ಇಳಿದುಹೋಗುವಂತಾಯಿತು. ಇಡೀ ಬದಲಾವಣೆಯಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಈ ಒಂದು ಕಾಲುವೆ ಎಂದೇ ನನ್ನ ಅಂದಾಜು. ಆಮೇಲೆ ಏರು ಮಡಿಗಳು. ಒಂದು ಅಡಿ ಎತ್ತರ, ಎರಡೂ ಬದಿಯಿಂದ ಕೈ ಎಟುಕುವಷ್ಟು ಅಗಲ, ಅಂಚು ಕುಸಿಯದಂತೆ ಅಡಿಕೆ ದಬ್ಬೆಯ ತಡೆ. ಮಡಿಗಳನ್ನು ಇಳಿಜಾರಿಗೆ ಅಡ್ಡಲಾಗಿಯೇ ಹಾಕಿದರು. ನಡುವಿನ ಕಾಲುದಾರಿಗಳಿಗೆ ಒಂದು ಬದಿಗೆ ಸಣ್ಣ ವಾಟ ಕೊಟ್ಟರು. ಹಾಗಾಗಿ ನೀರು ನಿಲ್ಲುವುದಿಲ್ಲ, ಮಣ್ಣು ಕೊಚ್ಚಿಕೊಂಡು ಓಡುವುದೂ ಇಲ್ಲ.

ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಣ್ಣು ಕೊಟ್ಟು ಪರೀಕ್ಷೆ ಮಾಡಿಸಿದರು. ಮಣ್ಣಿನ ಹುಳಿ ತೋರಿಸುವ ರಸಸಾರ (pH) 5ಕ್ಕಿಂತ ಕೆಳಗೆ ಬಂತು, ಅಂದರೆ ಹುಳಿ ಜಾಸ್ತಿ. ಹೆಚ್ಚಿನ ತರಕಾರಿಗಳಿಗೆ 6ರಿಂದ 7ರ ನಡುವೆ ಇದ್ದರೆ ಒಳ್ಳೆಯದು. ಚದರ ಮೀಟರಿಗೆ ಸುಮಾರು 200 ಗ್ರಾಂ ಕೃಷಿ ಸುಣ್ಣ ಹಾಕಿ ಮಣ್ಣಿಗೆ ಬೆರೆಸಿ, ಎರಡು ವಾರ ಬಿಟ್ಟು ಆಮೇಲೆ ಕೊಟ್ಟಿಗೆ ಗೊಬ್ಬರ ಕೊಟ್ಟರು. ಸುಣ್ಣವನ್ನೂ ಗೊಬ್ಬರವನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗಬಹುದು. ಮಳೆಸೀಮೆಯಲ್ಲಿ ಸುಣ್ಣ ಒಮ್ಮೆ ಹಾಕಿದರೆ ಮುಗಿಯುವುದಿಲ್ಲ. ಮಳೆ ಮತ್ತೆ ತೊಳೆಯುತ್ತದೆ, ಒಂದೆರಡು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಮತ್ತೆ ಹಾಕಬೇಕು.

ಚಳಿಗಾಲ, ಆಮೇಲೆ ಬೇಸಿಗೆ

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಇಲ್ಲಿಯ ಹವೆ ತರಕಾರಿಗೆ ಹೇಳಿ ಮಾಡಿಸಿದ್ದು. ರಾತ್ರಿ ಚಳಿ, ಹಗಲು ಹಿತವಾದ ಬಿಸಿಲು. ಬೀನ್ಸ್, ನವಿಲುಕೋಸು, ಮೂಲಂಗಿ, ಬೀಟ್‌ರೂಟ್ ಹಾಕಿದರು. ಜೂನ್‌ನಲ್ಲಿ ಕೊಳೆತ ಅದೇ ಮೆಂತ್ಯ, ಅದೇ ಕೊತ್ತಂಬರಿ ಈಗ ಸೊಂಪಾಗಿ ಬಂದವು. ಬೀಜ ಅದೇ, ಕೈ ಅದೇ, ತಿಂಗಳು ಬೇರೆ. ಮಲೆನಾಡಿಗೆ ಹೊಸದಾಗಿ ಬಂದವರಿಗೆ ನಾನು ಯಾವಾಗಲೂ ಹೇಳುವುದು ಇದನ್ನೇ. ಮೊದಲ ತೋಟವನ್ನು ಮಳೆ ಮುಗಿದ ಮೇಲೆ ಶುರುಮಾಡಿ. ಮಳೆ ಬಂತು ಅಂದರೆ ಬಿತ್ತನೆ ಎಂಬುದು ಬಯಲಿನ ಲೆಕ್ಕ.

ಜನವರಿ ಕೊನೆಗೆ ಇನ್ನೊಂದು ತೊಡಕು ಬಂತು. ಏರು ಮಡಿಗಳು ಬೇಗ ಒಣಗತೊಡಗಿದವು. ಬಾವಿಯಲ್ಲಿ ನೀರು ಇಳಿಯುತ್ತಿತ್ತು. ಬೆಳಿಗ್ಗೆ ಹಾಕಿದ ನೀರು ಮಡಿಯ ಅಂಚಿನಿಂದ ಜಾರಿ ಕಾಲುದಾರಿಗೆ ಬೀಳುತ್ತಿತ್ತು. 2000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ನೀರಿನ ಬರ ಎಂದರೆ ಹೊರಗಿನವರು ನಂಬುವುದು ಕಷ್ಟ, ಆದರೆ ಮಾರ್ಚಿನ ಮಲೆನಾಡು ನೋಡಿದವರಿಗೆ ಗೊತ್ತು.

ಇಲ್ಲಿ ಟೀಚರ್ ಯಾರನ್ನೂ ಕೇಳಲಿಲ್ಲ. ಕೊಯ್ಲು ಮುಗಿದ ಮೂರು ಮಡಿಗಳ ಮಣ್ಣನ್ನು ಮತ್ತೆ ಅಂಚಿಗೆ ಎಳೆದು, ತಮ್ಮ ಊರಿನ ತಗ್ಗು ಮಡಿ ಮಾಡಿದರು. ಹರಿವೆ, ಅಲಸಂದೆ, ಪುಂಡಿ ಸೊಪ್ಪು ಹಾಕಿ ಮೇಲೆ ದರಗು, ಅಂದರೆ ಒಣ ಎಲೆ ಹರಡಿದರು. ಉಳಿದವರ ಹಿತ್ತಲು ಒಣಗಿದ್ದಾಗ ಅವರ ಮಡಿಗಳು ಅರ್ಧ ನೀರಿನಲ್ಲಿ ಹಸಿರಾಗಿದ್ದವು. ಬೇಲಿಯಾಚೆಯ ಅಮ್ಮ ಬಂದು ನಿಂತು ನೋಡಿ, "ಇದನ್ನ ನಮಗೂ ತೋರಿಸಿಕೊಡಿ ಮಾರಾಯ್ರೆ" ಎಂದರಂತೆ. ಹೇಳುವಾಗ ಟೀಚರ್ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ನಗು ಕಂಡೆ. ಅವರ ಊರಿನ ವಿದ್ಯೆ ಸುಳ್ಳಾಗಿರಲಿಲ್ಲ. ಅದಕ್ಕೂ ಇಲ್ಲಿ ಒಂದು ಕಾಲ ಇತ್ತು.

ಅಂದಿನಿಂದ ಆ ಹಿತ್ತಲಿನಲ್ಲಿ ಮಡಿಗಳ ಆಕಾರ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ. ಫೆಬ್ರವರಿಯಲ್ಲಿ ತಗ್ಗು, ಮೇ ಮಧ್ಯದಲ್ಲಿ ಏರು. ಕೆಲಸ ಇದೆ, ನಿಜ. ಆದರೆ ಒಂದು ಗುಂಟೆಗೆ ಎರಡು ಭಾನುವಾರ ಸಾಕು.

ಎರಡನೇ ಮಳೆಗಾಲ

ಈ ಸಲ ಬೀಜದ ಪಟ್ಟಿ ಮಾಡಿದ್ದು ಬೇಲಿಯಾಚೆಯ ಅಮ್ಮ. ಮುಳ್ಳುಸೌತೆ, ಹೀರೆ, ಹಾಲುಬೆಂಡೆ, ಬಸಳೆ, ಕೆಸ. ಬೇಲಿಗೆ ಚಕ್ರಮುನಿ ಕಡ್ಡಿ, ಮೂಲೆಯಲ್ಲಿ ಸೀಮೆಬದನೆ. ಇವೆಲ್ಲ ಈ ಮಳೆಗೆ ಒಗ್ಗಿದ ಗಿಡಗಳು. ಕೆಸುವಿಗಂತೂ ನೀರು ಹರಿಯುವ ಚರಂಡಿ ಅಂಚೇ ಇಷ್ಟ. ಹಿತ್ತಲಿನ ಅತಿ ಒದ್ದೆ ಜಾಗ ಯಾವುದಕ್ಕೂ ಬಾರದು ಎಂದು ಟೀಚರ್ ಬಿಟ್ಟಿದ್ದರು. ಅಲ್ಲೇ ಕೆಸ ಎದೆಮಟ್ಟ ಬೆಳೆದು, ಶ್ರಾವಣದಲ್ಲಿ ಪತ್ರೊಡೆಯಾಯಿತು.

ಅಮ್ಮ ಕಲಿಸಿದ ಇನ್ನೊಂದು ಕೆಲಸ ಸುಡುಮಣ್ಣು. ಏಪ್ರಿಲ್‌ನಲ್ಲಿ ಒಣಕಡ್ಡಿ, ದರಗು ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಒಳಗೊಳಗೇ ಬೇಯುವಂತೆ ಬೆಂಕಿ ಕೊಡುತ್ತಾರೆ. ಮಣ್ಣು ಹುಡಿಹುಡಿಯಾಗುತ್ತದೆ, ಅದರಲ್ಲಿಯ ಕಳೆಬೀಜ, ಹುಳದ ಮೊಟ್ಟೆ, ರೋಗಾಣು ಸಾಯುತ್ತವೆ, ಬೂದಿ ಸೇರಿ ಹುಳಿಯೂ ಇಳಿಯುತ್ತದೆ. ಸಾವಯವ ಅಂಶವೂ ಸುಡುತ್ತದೆ, ಹಾಗಾಗಿ ಇಡೀ ಹಿತ್ತಲಿಗೆ ಇದು ಬೇಡ. ಬೀಜ ಊರುವ ಗುಪ್ಪೆಗಳಿಗೆ ಮಾತ್ರ, ಅದೂ ಗೊಬ್ಬರ ಬೆರೆಸಿ. ಸೌತೆ, ಹೀರೆ ಬೀಜಗಳನ್ನು ಮೇ ಮಧ್ಯದಲ್ಲಿ, ಮುಂಗಾರಿಗೆ ಮೊದಲಿನ ಮಳೆಗೇ ಈ ಗುಪ್ಪೆಗಳಲ್ಲಿ ಊರಿದರು. ಆರಿದ್ರಾ ಬರುವಷ್ಟರಲ್ಲಿ ಬಳ್ಳಿ ಚಪ್ಪರ ಹತ್ತಿತ್ತು. ಜೋರು ಮಳೆ ಬರುವಾಗ ಗಿಡ ಎಳೆಯದಾಗಿ ಇರಬಾರದು ಎಂಬುದೇ ಈ ಲೆಕ್ಕದ ಒಳಗುಟ್ಟು.

ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ಸೌತೆ ಹೂ ಬಿಟ್ಟಾಗ ಮಳೆ ಬಿಡದೆ ಹೊಡೆಯುತ್ತಿತ್ತು. ಜೇನು ಹಾರಲಿಲ್ಲ. ಎಳೆಮಿಡಿ ಹಳದಿಯಾಗಿ ಉದುರಿದವು. ಬೆಳಿಗ್ಗೆ ಮಗ ಗಂಡು ಹೂ ಕಿತ್ತು, ಪಕಳೆ ಬಿಡಿಸಿ, ಬುಡದಲ್ಲಿ ಪುಟ್ಟ ಮಿಡಿ ಇರುವ ಹೆಣ್ಣು ಹೂವಿಗೆ ತಾಗಿಸತೊಡಗಿದ. ಹೀರೆ ಹೂ ಅರಳುವುದು ಸಂಜೆ, ಅದಕ್ಕೆ ಸಂಜೆಯೇ ಹೋಗಬೇಕು. ಆಮೇಲೆ ಕಾಯಿ ನಿಂತವು. ನಿಂತ ಕಾಯಿಗೆ ಹಣ್ಣುನೊಣ ಬಂತು. ಚುಚ್ಚಿದ ಕಾಯಿಗಳನ್ನು ಒಂದೂ ಬಿಡದೆ ಆರಿಸಿ ಬಿಸಿನೀರಿಗೆ ಹಾಕಿದರು, ನೊಣವನ್ನು ವಾಸನೆಯಿಂದ ಸೆಳೆದು ಹಿಡಿಯುವ, ಬಳ್ಳಿ ತರಕಾರಿಯ ಮೋಹಕ ಬಲೆ ಕಟ್ಟಿದರು, ಉಳಿದ ಎಳೆಗಾಯಿಗೆ ಕಾಗದ ಸುತ್ತಿದರು. ನೊಣ ಪೂರ್ತಿ ಹೋಗಲಿಲ್ಲ, ಕಡಿಮೆಯಾಯಿತು.

ಅತಿ ಜಾಸ್ತಿ ಕಾಡಿದ್ದು ಬಸವನಹುಳು. ಚಿಪ್ಪಿಲ್ಲದ ಅಂಟು ಹುಳುಗಳು ಬಸಳೆಯನ್ನೂ ಹರಿವೆಯನ್ನೂ ರಾತ್ರೋರಾತ್ರಿ ಬೋಳಿಸಿದವು. ಇಲ್ಲಿ ಒಂದು ಗಟ್ಟಿ ತೀರ್ಮಾನ ಬೇಕಿತ್ತು. ಮಳೆಹನಿ ಮಣ್ಣಿಗೆ ನೇರ ಬಡಿದರೆ ಮಣ್ಣು ಬಿಗಿಯುತ್ತದೆ, ಕೆಸರು ಎಲೆಗೆ ಸಿಡಿದು ರೋಗ ಬರುತ್ತದೆ. ಅದಕ್ಕೆ ದರಗಿನ ಹೊದಿಕೆ ಬೇಕು. ಆದರೆ ಅದೇ ಹೊದಿಕೆಯ ಕೆಳಗೆ ಹಗಲು ಹೊತ್ತು ಈ ಹುಳುಗಳ ವಾಸ. ಹೊದಿಕೆ ಪೂರ್ತಿ ತೆಗೆಯುವುದೂ ಸರಿಯಲ್ಲ, ಇಡುವುದೂ ಸರಿಯಲ್ಲ. ಕೊನೆಗೆ ಹೀಗೆ ಮಾಡಿದರು: ಬಳ್ಳಿ, ಬೆಂಡೆ ಬುಡಕ್ಕೆ ಹೊದಿಕೆ ಇರಲಿ, ಸೊಪ್ಪಿನ ಮಡಿಗೆ ಬೇಡ. ಸೊಪ್ಪಿನ ಮಡಿಯ ಅಂಚಿಗೆ ಒದ್ದೆ ಗೋಣಿಚೀಲ, ಅದರ ಕೆಳಗೆ ಪಪ್ಪಾಯಿ ಎಲೆ. ರಾತ್ರಿ ಹುಳುಗಳು ಅಲ್ಲಿ ಸೇರುತ್ತವೆ. ಬೆಳಿಗ್ಗೆ ಎತ್ತಿ ಉಪ್ಪುನೀರಿನ ಬಕೆಟ್ಟಿಗೆ. ಉಪ್ಪನ್ನು ಮಡಿಗೆ ಮಾತ್ರ ಹಾಕಬಾರದು, ಮಣ್ಣು ಕೆಡುತ್ತದೆ. ಬೂದಿ ಎರಚುವುದು ಈ ಮಳೆಯಲ್ಲಿ ನಿಲ್ಲುವುದಿಲ್ಲ. ಅಂಗಡಿಯ ವಿಷದ ಕಾಳು ತರುವ ಮಾತು ಬಂದಿತ್ತು. ಮನೆಯಲ್ಲಿ ನಾಯಿ ಇದೆ, ಅದು ತಿಂದರೆ ಜೀವಕ್ಕೇ ಅಪಾಯ. ಬೇಡವೆಂದು ಬಿಟ್ಟರು, ಒಳ್ಳೆಯದೇ ಮಾಡಿದರು.

ಟೊಮೆಟೊ ಬಿಡಲಾರೆ

ಟೀಚರಿಗೆ ಟೊಮೆಟೊ ಆಸೆ ಹೋಗಲಿಲ್ಲ. ನಾನು ಮಳೆಗಾಲಕ್ಕೆ ಬೇಡ ಎಂದೆ. ಅವರು ಆರು ಚೀಲ ಮಾತ್ರ ಎಂದರು. ಹಾಗಾದರೆ ಸರಿಯಾಗಿಯೇ ಮಾಡೋಣ ಎಂದುಕೊಂಡೆವು.

ಹಿತ್ತಲಿನ ಮಣ್ಣು ಒಂದು ಹಿಡಿಯೂ ಬಳಸಲಿಲ್ಲ. ಸುಡುಮಣ್ಣು, ಹಳೆಯ ಗೊಬ್ಬರ, ಸ್ವಲ್ಪ ಮರಳು ಬೆರೆಸಿ ಚೀಲ ತುಂಬಿ, ನೆಲದಿಂದ ಎತ್ತರಕ್ಕೆ ಕಲ್ಲಿನ ಮೇಲಿಟ್ಟರು. ಮೇಲೆ ಬಿದಿರಿನ ಚಪ್ಪರ, ಅದಕ್ಕೆ ಬಿಸಿಲಿಗೆ ಬೇಗ ಹಾಳಾಗದ 200 ಮೈಕ್ರಾನ್ ಪಾಲಿಥೀನ್ ಹಾಳೆ. ನಾಲ್ಕೂ ಬದಿ ತೆರೆದೇ ಇತ್ತು. ಬದಿ ಮುಚ್ಚಿದರೆ ಒಳಗೆ ತೇವ ಕೂತು ರೋಗಕ್ಕೆ ಇನ್ನೂ ಒಳ್ಳೆಯದಾಗುತ್ತದೆ. ನೀರು ಬುಡಕ್ಕೆ ಮಾತ್ರ, ಬೆಳಿಗ್ಗೆ ಮಾತ್ರ. ಕೆಳಗಿನ ಎಲೆಗಳನ್ನು ಆಗಾಗ ತೆಗೆದರು.

ತಳಿಯ ವಿಷಯದಲ್ಲಿ ಒಂದು ಮಾತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆ ಮುರುಟು ನಂಜು (ವೈರಸ್), ದುಂಡಾಣು ಸೊರಗು, ಬೇಗ ಬರುವ ಅಂಗಮಾರಿ ಮೂರನ್ನೂ ತಡೆಯುತ್ತದೆ. ಮಳೆಗಾಲದಲ್ಲಿ ನಮ್ಮನ್ನು ಕಾಡುವುದು ತಡವಾಗಿ ಬರುವ ಅಂಗಮಾರಿ. ಅದು ಬೇರೆ ರೋಗ. ಬೇಗ ಬರುವುದು ಹಳೆಯ ಎಲೆಯ ಮೇಲೆ ಸುತ್ತುಸುತ್ತಾದ ಕಂದು ಉಂಗುರ ಮಾಡುತ್ತದೆ. ತಡವಾಗಿ ಬರುವುದು ನೀರು ಹಿಡಿದ ಕಪ್ಪು ಮಚ್ಚೆ, ಕೆಳಗೆ ಬಿಳಿ ಬೂಸ್ಟು. ಎರಡನ್ನೂ ಸುಮ್ನೆ ಅಂಗಮಾರಿ ಎಂದೇ ಕರೆದು, ರೋಗ ತಡೆಯುವ ತಳಿ ಹಾಕಿಯೂ ಸತ್ತವಲ್ಲ ಎಂದು ಬೇಸರ ಪಡುವವರು ಬಹಳ.

ಹತ್ತಿರದ ತೋಟದವರು ಅಡಿಕೆಗೂ ಮೆಣಸಿನ ಬಳ್ಳಿಗೂ ಕೊಳೆ ತಡೆಯುವ ಬೋರ್ಡೋ ದ್ರಾವಣ ಹೊಡೆಯುವ ದಿನ ಟೀಚರ್ ತಮ್ಮ ಪಾಲಿಗೂ ಸ್ವಲ್ಪ ಮಾಡಿಕೊಂಡರು. ಶೇಕಡ 1ರ ದ್ರಾವಣಕ್ಕೆ ಲೀಟರಿಗೆ 10 ಗ್ರಾಂ ಮೈಲುತುತ್ತ (ತಾಮ್ರದ ಸಲ್ಫೇಟ್), 10 ಗ್ರಾಂ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಪಾತ್ರೆ ಪ್ಲಾಸ್ಟಿಕ್ಕಿನದೋ ಮಣ್ಣಿನದೋ ಆಗಬೇಕು. ಹೊಳೆಯುವ ಕಬ್ಬಿಣದ ಚಾಕು ಅದ್ದಿ ತೆಗೆದಾಗ ಕೆಂಪು ಬಣ್ಣ ಹಿಡಿದರೆ ಸುಣ್ಣ ಇನ್ನೂ ಬೇಕು ಎಂದರ್ಥ. ಮಾಡಿದ ದಿನವೇ ಮುಗಿಸಬೇಕು. ಟೀಚರ್ ಇದನ್ನು ಎಳೆಯ ಗಿಡಕ್ಕೆ ಅರ್ಧ ತೆಳ್ಳಗೆ ಮಾಡಿ, ಮಚ್ಚೆ ಕಾಣುವ ಮೊದಲೇ ಹೊಡೆದರು. ಚಪ್ಪರದ ಕೆಳಗೆ ಇದ್ದುದರಿಂದ ಎಲೆ ಮೇಲೆ ಒಣಗಿ ನಿಂತಿತು. ಹಿಂದಿನ ವರ್ಷ ತೊಳೆದುಹೋದ ಔಷಧಿಗೂ ಇದಕ್ಕೂ ಇದ್ದ ವ್ಯತ್ಯಾಸ ಅಷ್ಟೇ.

ಆರು ಗಿಡವೂ ಮಳೆಗಾಲ ದಾಟಿದವು. ಅಂಗಮಾರಿ ಎರಡು ಗಿಡದ ಕೆಲವು ಎಲೆಗೆ ಬಂತು, ಕಿತ್ತು ಸುಟ್ಟರು, ಮುಂದೆ ಹೋಗಲಿಲ್ಲ. ಫಸಲು ಮಾತ್ರ ಕಡಿಮೆ. ಜುಲೈ, ಆಗಸ್ಟ್‌ನ ಮಂಕು ಬೆಳಕಿನಲ್ಲಿ ಗಿಡ ಉದ್ದಕ್ಕೆ ಎಳೆದುಕೊಂಡಿತು, ಹೂ ಕಡಿಮೆ ಬಿಟ್ಟಿತು. ಸಾರಿಗೆ ಸಾಕಾಗುವಷ್ಟು ಹಣ್ಣು ಸಿಕ್ಕಿತು. ಹಾಳೆ, ಬಿದಿರು, ದುಡಿಮೆ ಲೆಕ್ಕ ಹಾಕಿದರೆ ಸಂತೆಯ ಟೊಮೆಟೊ ಅಗ್ಗ. ಅದೇ ಚಪ್ಪರದ ಕೆಳಗೆ ಕೊತ್ತಂಬರಿ, ಹರಿವೆ ಹಾಕಿದ್ದರೆ ಜಾಸ್ತಿ ಲಾಭ ಇತ್ತು ಎಂಬುದು ನನ್ನ ಅಭಿಪ್ರಾಯ. ಟೀಚರ್ ಒಪ್ಪುವುದಿಲ್ಲ. ಅವರ ಅತ್ತೆಯಂತೂ ಆ ಟೊಮೆಟೊ ಚಟ್ನಿಯ ರುಚಿ ಹೇಳಿ ನನ್ನ ಬಾಯಿ ಮುಚ್ಚಿಸಿದರು.

ಬದನೆಯದು ಇನ್ನೂ ಬಾಕಿ

ಸೊರಗು ರೋಗ ಕಂಡ ಎರಡು ಮಡಿಗಳಿಗೆ ಬದನೆ ಜಾತಿ ಹೋಗಿಲ್ಲ. ಅಲ್ಲಿ ಬೀನ್ಸ್, ಮೂಲಂಗಿ, ಸೌತೆ ಸುತ್ತುತ್ತಿವೆ. ಆದರೆ ತುಂಬುಬದನೆಯ ಎಣಗಾಯಿ ಇಲ್ಲದ ಅಡುಗೆಮನೆ ಆ ಮನೆಯವರಿಗೆ ಮನೆ ಅನ್ನಿಸುವುದಿಲ್ಲ, ಅದು ನನಗೂ ಅರ್ಥವಾಗುತ್ತದೆ. ಅದಕ್ಕೇ ಈಗ ಕಸಿಯ ದಾರಿ ಹಿಡಿದಿದ್ದೇವೆ. ಬೇಲಿಯಂಚಿನಲ್ಲಿ ತಾನಾಗಿ ಬೆಳೆಯುವ ಸುಂಡೆ, ಅಂದರೆ ಕಾಡುಬದನೆಯ ಬೇರು ಈ ದುಂಡಾಣುವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಅದರ ಬೀಜ ನಿಧಾನಕ್ಕೆ ಮೊಳೆಯುವುದರಿಂದ ಬದನೆಗಿಂತ ಮೂರು ನಾಲ್ಕು ವಾರ ಮೊದಲೇ ಬಿತ್ತಬೇಕು. ಕಾಂಡ ಹದಕ್ಕೆ ಬಂದಾಗ ತುದಿ ಕೊಯ್ದು, ನಡುವೆ ಸೀಳಿ, ಮೊನೆ ಮಾಡಿದ ಬದನೆ ಕುಡಿಯನ್ನು ಕೂರಿಸಿ, ಕ್ಲಿಪ್ ಹಾಕಿ, ಒಂದು ವಾರ ಪ್ಲಾಸ್ಟಿಕ್ ಕವರ್ ಮುಚ್ಚಿ ನೆರಳಲ್ಲಿ ಇಡಬೇಕು. ನೆಡುವಾಗ ಕಸಿಯ ಗಂಟು ಮಣ್ಣಿನಿಂದ ಮೇಲೇ ಇರಬೇಕು. ಗಂಟು ಮಣ್ಣಿಗೆ ತಾಗಿದರೆ ಬದನೆಯೇ ಬೇರು ಬಿಡುತ್ತದೆ, ರೋಗ ಆ ಬೇರಿನಿಂದ ಹತ್ತುತ್ತದೆ.

ಬೀಜ ಟೀಚರ್ ಊರಿಂದ ತಂದದ್ದು, ಬೇರು ಇಲ್ಲಿಯದು. ಮೊದಲ ಸುತ್ತಿನ ಕಸಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹತ್ತಿವೆ. ಅಕ್ಟೋಬರ್‌ನಲ್ಲಿ ಹಸ್ತಾ ಮಳೆ ಮುಗಿದ ಮೇಲೆ ಅವುಗಳಲ್ಲಿ ನಾಲ್ಕನ್ನು ರೋಗ ಬಂದಿದ್ದ ಮಡಿಯಲ್ಲೇ ನೆಟ್ಟು ನೋಡುತ್ತೇವೆ, ಉಳಿದವನ್ನು ಚೀಲದಲ್ಲಿ.